ಅಮಾವಾಸ್ಯೆಯ ಉಬ್ಬರ, ಬೆಂಗ್ರೆಯ ಹಕ್ಕಿಗಳು

ಎರಡನೇ ಶನಿವಾರ ಬ್ಯಾಂಕಿಗೆ ರಜೆ. ಹಾಗಾಗಿ ನನ್ನ ಹಕ್ಕಿ ನೋಡುವ ಕ್ಯಾಲೆಂಡರ್ ಬ್ಯಾಂಕಿನ ಕ್ಯಾಲೆಂಡರ್ ಹಿಂದೆಯೇ ಓಡುತ್ತದೆ. 2023ರ ಅಕ್ಟೋಬರ್ 14 ಅಂಥದ್ದೊಂದು ಶನಿವಾರ. ಆದರೆ ಆ ದಿನದ ಮೇಲೆ ಬೇರೆ ಹಕ್ಕುದಾರರೂ ಇದ್ದರು. ಅವತ್ತೇ ಮಹಾಲಯ ಅಮಾವಾಸ್ಯೆ. ಅವತ್ತೇ ಮಧ್ಯಾಹ್ನ ಎರಡಕ್ಕೆ ಅಹಮದಾಬಾದಿನಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಪಂದ್ಯ. ಅವತ್ತೇ ವಿಶ್ವ ವಲಸೆ ಹಕ್ಕಿ ದಿನ ಕೂಡ, ಅದು ನಮ್ಮ ಮನೆಯಲ್ಲಿ ಯಾರ ಲೆಕ್ಕಕ್ಕೂ ಇಲ್ಲದ್ದು.

"ಊರವರೆಲ್ಲ ಇವತ್ತು ಕಾಗೆ ಕಾಯ್ತಾರೆ. ನೀನು ಯಾವುದೋ ಹಕ್ಕಿ ಕಾಯ್ಲಿಕ್ಕೆ ಹೋಗ್ತಿ" ಅಂದರು ಅಮ್ಮ, ಬೆಳಿಗ್ಗೆ ಐದಕ್ಕೆ ಚಾ ಕೊಡುತ್ತಾ. ಮಧ್ಯಾಹ್ನ ಒಂದು ಗಂಟೆಗೆ ಮೊದಲು ವಾಪಸ್ ಬರಬೇಕು, ಹಿರಿಯರಿಗೆ ಎಡೆ ಇಡುವಾಗ ಮನೆಯಲ್ಲಿರಬೇಕು ಅನ್ನುವ ಷರತ್ತಿನ ಮೇಲೆ ಬಿಟ್ಟರು. ಜೊತೆಗೆ ಬರುವ ಗೆಳೆಯನನ್ನೂ ಊಟಕ್ಕೆ ಕರೆದುಕೊಂಡು ಬಾ ಅಂದರು.

ಗೆಳೆಯ ಗದಗ ಜಿಲ್ಲೆಯವನು. ನಮ್ಮ ಶಾಖೆಗೆ ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ಮಳೆಗಾಲವಿಡೀ ಉಡುಪಿಯ ಬಾಡಿಗೆ ರೂಮಿನಲ್ಲಿ ಒಣಗದ ಬಟ್ಟೆಗಳ ನಡುವೆ ಕೂತು ಬೇಸತ್ತಿದ್ದ. "ಕಡಲಾ ತೋರಸ್ರಿ ಸರ, ಆದ್ರ ಎರಡು ಗಂಟೆ ಒಳಗ ಟೀವಿ ಮುಂದ ಇರಬೇಕು" ಅಂದಿದ್ದ. ಎರಡೂ ಕಡೆಯಿಂದ ಗಡುವು. ಸರಿ, ಹೊರಟೆವು.

ನಾನು ಹೋಗುವುದು ಕೋಡಿ ಬೆಂಗ್ರೆಗೆ. ಎಂಟು ವರ್ಷದಿಂದ ಅಲ್ಲಿಗೇ. ಹಕ್ಕಿ ನೋಡುವವರಲ್ಲಿ ಎರಡು ಥರ. ಹೊಸ ಹಕ್ಕಿಗಾಗಿ ಹೊಸ ಊರು ಸುತ್ತುವವರು ಒಂದು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಹೋದ ವಾರ ಏನಿತ್ತು, ಈ ವಾರ ಏನಿಲ್ಲ ಅಂತ ಲೆಕ್ಕ ಇಡುವವರು ಇನ್ನೊಂದು. ನಾನು ಎರಡನೇ ಜಾತಿ. ಬ್ಯಾಂಕಿನ ಚಾಳಿ ಇರಬೇಕು.

ಉಡುಪಿಯಿಂದ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿ ಉತ್ತರಕ್ಕೆ ಹೋಗಬೇಕು. ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹೂಡೆ ಕಳೆದ ಮೇಲೆ ರಸ್ತೆ ಸಣ್ಣದಾಗುತ್ತಾ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ನದಿ, ನಡುವೆ ತೆಂಗಿನ ಮರ, ಮನೆ, ಒಣಹಾಕಿದ ಬಲೆ. ಕೆಲವು ಕಡೆ ಈ ನೀರಿನಿಂದ ಆ ನೀರಿಗೆ ಕೂಗಿದರೆ ಕೇಳಿಸುವಷ್ಟೇ ಅಂತರ. ಬೆಂಗ್ರೆ ಅಂದರೆ ಅದೇ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಿಗೆ. ಅದರ ತುದಿಯಲ್ಲಿ ಸೀತಾ ಮತ್ತು ಸ್ವರ್ಣಾ ಎರಡೂ ಒಟ್ಟಾಗಿ ಕಡಲು ಸೇರುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ಉಡುಪಿ ಪೇಟೆಯವರು ದಿನಾ ಕುಡಿಯುವುದು ಇದೇ ಸ್ವರ್ಣೆಯ ನೀರು, ಮೇಲೆ ಬಜೆ ಅಣೆಕಟ್ಟಿನಿಂದ ಬರುವುದು. ನಾವು ಕುಡಿದು ಮಿಕ್ಕ ನೀರು ಇಲ್ಲಿ ಕೆಸರಿನ ಜೊತೆ ಬಂದು ಹರಡಿಕೊಳ್ಳುತ್ತದೆ. ಆ ಕೆಸರಿಗಾಗಿಯೇ ಹಕ್ಕಿಗಳು ಬರುವುದು.

ನಾವು ಮುಟ್ಟಿದಾಗ ಆರೂವರೆ. ಸೂರ್ಯ ಆಗಷ್ಟೇ ಹುಟ್ಟಿದ್ದ. ನೀರು ಪೂರ್ತಿ ಇಳಿದಿತ್ತು.

ಅಮಾವಾಸ್ಯೆಯ ದಿನವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇತ್ತು. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಇಳಿತ ಬಹಳ ದೂರ ಹೋಗುತ್ತದೆ, ಉಬ್ಬರ ಬಹಳ ಮೇಲೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಅಂಥ ದಿನ ಬೆಳಗಿನ ಜಾವ ಕೆಸರು ಬಯಲಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಮುಳುಗುತ್ತದೆ. ಎತ್ತರದ ಲೆಕ್ಕದಲ್ಲಿ ನೋಡಿದರೆ ಒಂದೂವರೆ ಮೀಟರ್ ಆಸುಪಾಸು ಅಷ್ಟೇ. ಆದರೆ ನೆಲ ಸಪಾಟು ಇರುವುದರಿಂದ ಮೈದಾನಗಟ್ಟಲೆ ಜಾಗ ತೆರೆಯುತ್ತದೆ, ಮುಚ್ಚುತ್ತದೆ. ಹಕ್ಕಿಗಳು ಗಡಿಯಾರ ನೋಡಿ ಬದುಕುವುದಿಲ್ಲ, ಈ ನೀರು ನೋಡಿ ಬದುಕುತ್ತವೆ. ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುವ ವೇಳಾಪಟ್ಟಿ ಅವುಗಳದ್ದು. ಇಳಿತಕ್ಕೆ ಊಟ, ಉಬ್ಬರಕ್ಕೆ ನಿದ್ದೆ. ರಾತ್ರಿ ಇಳಿತ ಇದ್ದರೆ ರಾತ್ರಿಯೇ ಊಟ.

ಹೊಳೆಯ ಬದಿಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಟೆಲಿಸ್ಕೋಪ್ ನಿಲ್ಲಿಸಿದೆ. ಗೆಳೆಯನಿಗೆ ಮೊದಲ ನೋಟ ಕೊಟ್ಟೆ. ಒಂದು ನಿಮಿಷ ನೋಡಿದ. ಇನ್ನೊಂದು ನಿಮಿಷ ನೋಡಿದ.

"ಅಲ್ರೀ ಸರ, ಇವೆಲ್ಲಾ ಒಂದ ನಮೂನಿ ಕಪ್ಪಗ ಕಾಣ್ತಾವಲ್ರೀ."

ತಪ್ಪು ನನ್ನದೇ. ಬೆಳಿಗ್ಗೆ ಬೆಂಗ್ರೆಯಿಂದ ಹೊಳೆ ಕಡೆ ನೋಡಿದರೆ ಮುಖಕ್ಕೆ ಬಿಸಿಲು. ಎದುರಿನ ಕೆಸರಿನ ಮೇಲಿರುವುದೆಲ್ಲ ನೆರಳೇ. ಬಣ್ಣ ಹುಡುಕಿದರೆ ಸಿಗುವುದಿಲ್ಲ. ಆದರೆ ಇದರಲ್ಲೊಂದು ಅನುಕೂಲವೂ ಇದೆ. ಬಣ್ಣ ಇಲ್ಲದಿದ್ದಾಗ ನಡಿಗೆ ಕಾಣುತ್ತದೆ.

ಅವನಿಗೆ ಹೇಳಿದೆ, ಬಣ್ಣ ಬಿಡು, ಕಾಲು ನೋಡು. ಕೆಲವು ಹಕ್ಕಿ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಒಮ್ಮೆ ಕುಕ್ಕುತ್ತವೆ, ಮತ್ತೆ ಓಡುತ್ತವೆ. ಅವು ಪ್ಲೋವರ್‌ಗಳು. ಅವುಗಳ ಕಣ್ಣು ದೊಡ್ಡದು, ಕೊಕ್ಕು ಗಿಡ್ಡ. ಕೆಸರಿನ ಮೇಲೆ ಹುಳ ಅಲುಗಾಡಿದ್ದನ್ನು ಕಣ್ಣಲ್ಲಿ ಹಿಡಿದು ಓಡುವುದು ಅವುಗಳ ಕ್ರಮ. ಇನ್ನು ಕೆಲವು ತಲೆ ಎತ್ತುವುದೇ ಇಲ್ಲ. ಹೊಲಿಗೆ ಮಿಷನ್ನಿನ ಸೂಜಿ ಥರ ಕೆಸರಿಗೆ ಚುಚ್ಚುತ್ತಾ ಚುಚ್ಚುತ್ತಾ ಸಾಗುತ್ತವೆ. ಅವು ಸ್ಯಾಂಡ್‌ಪೈಪರ್ ಕಡೆಯವು. ಅವುಗಳಿಗೆ ಕೊಕ್ಕಿನ ತುದಿಯೇ ಬೆರಳು, ಮುಟ್ಟಿ ಹುಡುಕುತ್ತವೆ. ಕೊಕ್ಕಿನ ಉದ್ದ ಬೇರೆ ಬೇರೆ, ಹಾಗಾಗಿ ಒಂದೇ ಕೆಸರಿನಲ್ಲಿ ಒಂದೊಂದು ಜಾತಿಗೆ ಒಂದೊಂದು ಆಳದ ಊಟ.

ಹತ್ತು ನಿಮಿಷದಲ್ಲಿ ಅವನು ಎರಡನ್ನೂ ಬೇರೆ ಮಾಡಲು ಕಲಿತ. ಬೈನಾಕ್ಯುಲರ್ ಹಿಡಿದು "ಇದು ಓಡಿ ನಿಂದ್ರೋದು, ಇದು ಚುಚ್ಚೋದು, ಇದು ಓಡಿ ನಿಂದ್ರೋದು" ಅಂತ ಎಣಿಸುತ್ತಾ ಕೂತ. ಹೆಸರಿಗಿಂತ ಇದೇ ಒಳ್ಳೆಯದು ಅಂತ ನನಗನ್ನಿಸಿತು. ಈ ಹಕ್ಕಿಗಳಿಗೆ ಕನ್ನಡದಲ್ಲಿ ಎಲ್ಲರೂ ಒಪ್ಪಿ ಬಳಸುವ ಹೆಸರುಗಳು ಕಡಿಮೆ. ಗೊರವ, ಉಲ್ಲಂಕಿ ಅನ್ನುವ ಪದಗಳಿವೆ. ಆದರೆ ಇಪ್ಪತ್ತು ಜಾತಿಗೆ ಎರಡು ಪದ ಎಲ್ಲಿಗೆ ಸಾಕು? ನಮ್ಮ ಕಡೆ ಹಕ್ಕಿ ನೋಡುವವರೆಲ್ಲ ಇಂಗ್ಲಿಷ್ ಹೆಸರನ್ನೇ ಹೇಳುವುದು. ನಾನೂ ಅಷ್ಟೇ.

ಆಗ ಬಂತು ಟೆರೆಕ್ ಸ್ಯಾಂಡ್‌ಪೈಪರ್. ಮೂರಿದ್ದವು. ಕೊಕ್ಕು ಮೇಲಕ್ಕೆ ಬಾಗಿರುತ್ತದೆ, ಯಾರೋ ಹಿಡಿದು ತಪ್ಪಾಗಿ ಬಗ್ಗಿಸಿದ ಹಾಗೆ. ಕಾಲು ಹಳದಿ ಕಿತ್ತಳೆ. ಸಣ್ಣ ಏಡಿಯ ಹಿಂದೆ ಬಿದ್ದರೆ ತಲೆ ತಗ್ಗಿಸಿ, ಮೈ ಮುಂದಕ್ಕೆ ಚಾಚಿ, ಅಡ್ಡಾದಿಡ್ಡಿ ಓಡುತ್ತದೆ. "ಪೂರ್ತಿ ಏರಿಸಿಕೊಂಡಂಗ ಓಡ್ತದಲ್ರೀ ಇದು!" ಅಂತ ಗೆಳೆಯ ನಕ್ಕ ನಗುವಿಗೆ ಹತ್ತಿರದ ಕಾಮನ್ ಸ್ಯಾಂಡ್‌ಪೈಪರ್ ಒಂದು ಹಾರಿಯೇ ಹೋಯಿತು. ಹೋಗಲಿ, ಅದು ಜುಲೈ ಕೊನೆಯಿಂದಲೇ ಇಲ್ಲಿರುವ ಹಳೇ ಗಿರಾಕಿ. ಮಳೆ ಸುರಿಯುತ್ತಿರುವಾಗಲೇ ಬಂದು ಬಾಲ ಕುಣಿಸುತ್ತಾ ಕಲ್ಲಿನ ಮೇಲೆ ಕೂತಿರುತ್ತದೆ. ನನ್ನ ಪಾಲಿಗೆ ವಲಸೆಯ ಕಾಲ ಶುರುವಾಗುವುದು ಅದನ್ನು ಕಂಡ ದಿನ. ಕೊಡೆ ಹಿಡಿದು ನಿಂತು ನೋಡಬೇಕಾದ ವಲಸೆ ಅದು.

ವಿಂಬ್ರಲ್ ಏಳು, ಕರ್ಲೂ ಹನ್ನೆರಡು. ಎರಡಕ್ಕೂ ಕುಡುಗೋಲಿನಂಥ ಕೊಕ್ಕು, ಕರ್ಲೂವಿನದ್ದು ಇನ್ನೂ ಉದ್ದ. ಒಂದು ವಿಂಬ್ರಲ್ ದೊಡ್ಡದೊಂದು ಏಡಿ ಹಿಡಿದು, ಝಾಡಿಸಿ ಝಾಡಿಸಿ ಕಾಲುಗಳನ್ನೆಲ್ಲ ಉದುರಿಸಿ, ಉಳಿದ ಮೈಯನ್ನು ನುಂಗಿತು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಇಬ್ಬರು ಹೆಂಗಸರು ಬಗ್ಗಿ ಕೆಸರಿನಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದರು. ಅವರು ಒಂದು ಹೆಜ್ಜೆ ಮುಂದಿಟ್ಟರೆ ಹಕ್ಕಿಗಳೂ ಒಂದು ಹೆಜ್ಜೆ ಸರಿಯುತ್ತಿದ್ದವು, ಹಾರುತ್ತಿರಲಿಲ್ಲ. ನಾವು ಅದೇ ದೂರಕ್ಕೆ ಹೋಗಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಬಗ್ಗಿ ಕೆಲಸ ಮಾಡುವವರು ಯಾರು, ನೆಟ್ಟಗೆ ನಿಂತು ದಿಟ್ಟಿಸುವವರು ಯಾರು ಅಂತ ಹಕ್ಕಿಗೆ ಗೊತ್ತು.

ಇದನ್ನು ಪರೀಕ್ಷಿಸಲು ಹೋಗಿಯೋ ಏನೋ, ಗೆಳೆಯ ಕೆಸರಿಗೆ ಇಳಿದ. ಮೂರನೇ ಹೆಜ್ಜೆಗೆ ಮೊಣಕಾಲ ತನಕ ಹೂತ. ಕಾಲು ಬಂತು, ಚಪ್ಪಲಿ ಬರಲಿಲ್ಲ. ಅವನ ಹೊಸ ಚಪ್ಪಲಿ ಈಗಲೂ ಅಲ್ಲೇ ಇರಬೇಕು, ಅದರಲ್ಲೊಂದು ಏಡಿ ಸಂಸಾರ ಹೂಡಿರಲೂಬಹುದು.

ಬೀಸುಬಲೆ ಹೆಗಲಿಗೆ ಹಾಕಿಕೊಂಡು ಬಂದ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. "ಹ್ವಾಯ್, ಎಂತ ಕಾಂತ್ರಿ ಅದ್ರಗೆ?" ಅಂತ ಕೇಳಿದರು. ಹಕ್ಕಿ ಅಂದೆ. ಟೆಲಿಸ್ಕೋಪಿಗೆ ಒಂದು ಕಣ್ಣು ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಅವರಿಗೆ ಹಕ್ಕಿಗಿಂತ ಹಕ್ಕಿಯ ಹಿಂದಿದ್ದ ದೋಣಿ ಯಾರದ್ದು ಅಂತ ಗೊತ್ತಾದದ್ದೇ ಹೆಚ್ಚು ಖುಷಿ ಆಯಿತು. ಬುಟ್ಟಿಯಲ್ಲಿದ್ದ ಮೀನು ಬೇಕಾ ಅಂತ ಕೇಳಿದರು. ಅಮಾವಾಸ್ಯೆ ಇವತ್ತು, ಅಮ್ಮ ಮನೆಗೇ ಸೇರಿಸುವುದಿಲ್ಲ ಅಂದೆ. "ಹೌದಲ್ದಾ" ಅಂತ ನಕ್ಕು, ಮಧ್ಯಾಹ್ನದ ಮ್ಯಾಚಿನ ಬಗ್ಗೆ ಗೆಳೆಯನ ಜೊತೆ ಮಾತಿಗೆ ನಿಂತರು. ಗದಗಿನ ಮಾತೂ ಕುಂದಾಪ್ರ ಮಾತೂ ಶುಭಮನ್ ಗಿಲ್ ಆಡುತ್ತಾನೋ ಇಲ್ಲವೋ ಅನ್ನುವಲ್ಲಿ ಸರಾಗವಾಗಿ ಸಂಧಿಸಿದವು.

ಎಂಟೂವರೆ ಹೊತ್ತಿಗೆ ನೀರು ಏರುವುದು ಕಣ್ಣಿಗೆ ಕಾಣುವಷ್ಟಾಯಿತು. ಕೆಸರಿನ ಅಂಚು ನಮ್ಮ ಕಡೆಗೆ ಬರತೊಡಗಿತು. ಅಂಚಿನ ಜೊತೆ ಹಕ್ಕಿಗಳೂ. ಇದೇ ನಾನು ಕಾಯುವ ಹೊತ್ತು. ನಾವು ಹಕ್ಕಿಯ ಹತ್ತಿರ ಹೋಗುವುದಲ್ಲ, ನೀರೇ ಅವನ್ನು ತಳ್ಳಿಕೊಂಡು ಬರುತ್ತದೆ. ಸುಮ್ನೆ ಕೂತಿದ್ದರೆ ಸಾಕು. ಬಿಸಿಲೂ ಮೇಲೇರಿ ಬಣ್ಣಗಳು ಒಂದೊಂದಾಗಿ ಬಂದವು.

ಗುಂಪಿನಲ್ಲಿ ಅತಿ ಜಾಸ್ತಿ ಇದ್ದದ್ದು ಲೆಸ್ಸರ್ ಸ್ಯಾಂಡ್ ಪ್ಲೋವರ್. ಬೆನ್ನು ಒದ್ದೆ ಮರಳಿನ ಬಣ್ಣ, ಹೊಟ್ಟೆ ಬಿಳಿ. ತೂಕ ಒಂದು ಕೋಳಿಮೊಟ್ಟೆಯಷ್ಟು, ಅರವತ್ತು ಗ್ರಾಂ ಆಸುಪಾಸು. ನೋಡಲು ಏನೂ ವಿಶೇಷ ಇಲ್ಲ. ಆದರೆ ನನಗೆ ಈ ಜಾಗದ ಹಕ್ಕಿ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ.

"ಇವು ಎಲ್ಲಿಂದ ಬರ್ತಾವ್ರಿ, ಸೈಬೀರಿಯಾನಾ?" ಅಂತ ಕೇಳಿದ ಗೆಳೆಯ.

ವಲಸೆ ಹಕ್ಕಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಸೈಬೀರಿಯಾ. ಇಲ್ಲಿ ಬರುವ ಕೆಲವು ಹಕ್ಕಿಗಳ ಮಟ್ಟಿಗೆ ಅದು ನಿಜ ಕೂಡ. ಆದರೆ ನಮ್ಮ ಪಶ್ಚಿಮ ಕರಾವಳಿಯ ಸ್ಯಾಂಡ್ ಪ್ಲೋವರ್‌ಗಳಲ್ಲಿ ಹೆಚ್ಚಿನವು ಟಿಬೆಟ್ ಪ್ರಸ್ಥಭೂಮಿ, ಹಿಮಾಲಯದ ಕಡೆಯವು. ಲಡಾಖಿನ ತ್ಸೋ ಕಾರ್ ಸರೋವರದ ಸುತ್ತ, 4,500 ಮೀಟರ್ ಎತ್ತರದಲ್ಲಿ ಮೊಟ್ಟೆ ಇಡುವ ಹಕ್ಕಿ ಇದು. ಅಲ್ಲಿ ಬೇಸಿಗೆಯಲ್ಲಿ ಎದೆಗೆ ಕಾವಿ ಬಣ್ಣ, ಮುಖಕ್ಕೆ ಕಪ್ಪು ಮುಸುಕು. ಇಲ್ಲಿಗೆ ಬರುವ ಹೊತ್ತಿಗೆ ಅದನ್ನೆಲ್ಲ ಕಳಚಿಟ್ಟು ಮಾಸಿದ ಅಂಗಿ ತೊಟ್ಟಿರುತ್ತದೆ. ಅದೇ 2023ರಲ್ಲಿ ತಜ್ಞರು ಈ ಹಕ್ಕಿಯನ್ನು ಎರಡು ಜಾತಿಯಾಗಿ ಒಡೆದರು, ಸೈಬೀರಿಯನ್ ಸ್ಯಾಂಡ್ ಪ್ಲೋವರ್ ಮತ್ತು ಟಿಬೆಟನ್ ಸ್ಯಾಂಡ್ ಪ್ಲೋವರ್ ಅಂತ. ಅವತ್ತು ಸಂಜೆ, ಪಾಕಿಸ್ತಾನ 191ಕ್ಕೆ ಮುಗಿದ ಮೇಲೆ, ಹಕ್ಕಿ ನೋಡುವವರು ಲೆಕ್ಕ ಹಾಕುವ ಇ-ಬರ್ಡ್ ಜಾಲತಾಣಕ್ಕೆ ನಾನು ಹಾಕಿದ ಪಟ್ಟಿಯಲ್ಲಿ ಲೆಸ್ಸರ್ ಅಂತಲೇ ಇತ್ತು. ಈಗ ತೆಗೆದು ನೋಡಿದರೆ ಹೆಸರು ಬದಲಾಗಿದೆ. ಹಕ್ಕಿಗೆ ಮಾತ್ರ ಇದೇನೂ ಗೊತ್ತಿಲ್ಲ, ಪುಣ್ಯಕ್ಕೆ ಕೆವೈಸಿ ಕೇಳುವವರಿಲ್ಲ.

ಇವನ್ನು ಪತ್ರಿಕೆಗಳಲ್ಲಿ ‘ವಿದೇಶಿ ಅತಿಥಿಗಳು’ ಅಂತ ಬರೆಯುವುದು ಓದಿದಾಗೆಲ್ಲ ನನಗೆ ಸಣ್ಣ ಕಿರಿಕಿರಿ. ಲಡಾಖ್ ಯಾವ ವಿದೇಶ? ಮತ್ತೆ ಅತಿಥಿ ಅನ್ನುವುದಕ್ಕೆ ಲೆಕ್ಕ ಹಾಕಿ ನೋಡಿ. ಆಗಸ್ಟಿನಲ್ಲಿ ಇಲ್ಲಿ ಇಳಿದರೆ ಏಪ್ರಿಲ್ ತನಕ ಇಲ್ಲೇ. ಒಂಬತ್ತು ತಿಂಗಳು ಬೆಂಗ್ರೆಯಲ್ಲಿ. ಮದುವೆ, ಬಾಣಂತನಕ್ಕೆ ಮಾತ್ರ ಮೇಲೆ. ಆ ವರ್ಷ ಮರಿ ಮಾಡುವ ಪ್ರಾಯ ಆಗದ ಕೆಲವು ಹಕ್ಕಿಗಳಂತೂ ಹೋಗುವುದೂ ಇಲ್ಲ, ಜೂನ್ ಜುಲೈ ಮಳೆಯಲ್ಲೂ ನಾನು ಇಲ್ಲಿ ಅವನ್ನು ನೋಡಿದ್ದೇನೆ. ಉಡುಪಿಯವರಿಗೆ ಇದು ಅರ್ಥವಾಗದ ವಿಷಯವೇ ಅಲ್ಲ. ನಮ್ಮಲ್ಲಿ ಅರ್ಧ ಮನೆಗಳ ಜನ ವರ್ಷವಿಡೀ ಮುಂಬಯಿಯಲ್ಲಿ ಹೋಟೆಲು, ನೌಕರಿ ಅಂತ ಇದ್ದು, ಮೇ ತಿಂಗಳಲ್ಲಿ ಮದುವೆ, ಪೂಜೆ, ಹಲಸಿನಹಣ್ಣಿಗೆ ಅಂತ ಊರಿಗೆ ಬರುತ್ತಾರೆ. ಊರು ಯಾವುದು ಕೇಳಿದರೆ ಉಡುಪಿ ಅನ್ನುತ್ತಾರೆ. ಬದುಕಿದ್ದು ಎಲ್ಲಿ ಅಂದರೆ ಮುಂಬಯಿ. ಈ ಪ್ಲೋವರ್‌ಗೆ ಬೆಂಗ್ರೆಯೇ ಮುಂಬಯಿ. ದುಡಿದು ತಿನ್ನುವುದು ಇಲ್ಲಿ.

ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಮಾಗಡಿ ಕೆರಿಗೂ ಬರ್ತಾವ್ರಿ. ದೊಡ್ಡ ಬಾತು. ಅವನ್ನ ಗುರ್ತು ಹಿಡಿಯೂದು ಸಲೀಸು, ತಲಿ ಮ್ಯಾಲೆ ಎರಡು ಪಟ್ಟಿ" ಅಂದ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಮಾತು ಅದು. ಹಗಲು ಕೆರೆಯಲ್ಲಿ, ಬೆಳಗು ಸಂಜೆ ಸುತ್ತಲಿನ ಹೊಲಗಳಲ್ಲಿ. ಅವನು ಚಿಕ್ಕವನಿದ್ದಾಗ ಅವನ್ನು ಶೇಂಗಾ ಹೊಲದಿಂದ ಓಡಿಸುವುದೇ ಅವನ ಕೆಲಸವಾಗಿತ್ತಂತೆ. ಆ ಹೆಬ್ಬಾತು ಕೂಡ ಲಡಾಖಿನ ತ್ಸೋ ಮೊರಿರಿಯಂಥ ಸರೋವರಗಳ ದಡದಲ್ಲೇ ಮರಿ ಮಾಡುವುದು. ನಮ್ಮ ಕಡಲಿಗೆ ಬರುವ ಬ್ರೌನ್-ಹೆಡೆಡ್ ಗಲ್ ಎಂಬ ಕಡಲಕ್ಕಿಯೂ ಅದೇ ಸರೋವರದ ಹಕ್ಕಿ. ಒಂದೇ ಊರಿನ ಎರಡು ಮನೆಯವರು, ಒಬ್ಬರು ಗದಗಿಗೆ, ಒಬ್ಬರು ಉಡುಪಿಗೆ. ಮರುವರ್ಷ, 2024ರಲ್ಲಿ, ಮಾಗಡಿ ಕೆರೆಗೂ ನಮ್ಮ ಕುಮಟಾದ ಅಘನಾಶಿನಿ ಅಳಿವೆಗೂ ಒಟ್ಟಿಗೇ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಆ ಸುದ್ದಿ ಓದಿ ಅವನು ನನಗೆ ಫೋನು ಮಾಡಿ ಕೂಗಿದ್ದು ನೋಡಬೇಕಿತ್ತು, ಶಿರಹಟ್ಟಿಗೆ ವಿಶ್ವಕಪ್ ಬಂದ ಹಾಗೆ.

ಹತ್ತಕ್ಕೆ ಹೊಳೆ ಬದಿ ಬಿಟ್ಟು ಕಡಲ ಬದಿಗೆ, ಅಳಿವೆಯ ತುದಿಗೆ ನಡೆದೆವು. ಗೆಳೆಯ ಬರಿಗಾಲಲ್ಲಿ. ಮರಳು ಆಗಲೇ ಕಾದಿತ್ತು. ಕರಾವಳಿಯಲ್ಲಿ ಅಕ್ಟೋಬರ್ ಸೆಖೆ ಅಂದರೆ ಎರಡನೇ ಬೇಸಿಗೆ. ಮಳೆ ಹೋಗಿಲ್ಲ, ಚಳಿ ಬಂದಿಲ್ಲ. ಮೂಡಣದಲ್ಲಿ ಘಟ್ಟದ ಮೇಲೆ ಬಿಳಿ ಮೋಡಗಳು ಹಿಟ್ಟಿನ ಮುದ್ದೆ ಥರ ಉಬ್ಬುತ್ತಿದ್ದವು, ಸಂಜೆಗೆ ಗುಡುಗು ಗ್ಯಾರಂಟಿ.

ಪ್ರತಿ ಮಳೆಗಾಲವೂ ಈ ತುದಿಯ ಆಕಾರ ಬದಲಾಗುತ್ತದೆ. ಹೋದ ವರ್ಷ ನಾನು ಕೂತ ಜಾಗ ಈ ವರ್ಷ ನೀರಿನಲ್ಲಿತ್ತು. ಅಲೆಯಂಚಿನಲ್ಲಿ ನಲವತ್ತರಷ್ಟು ಸ್ಯಾಂಡರ್ಲಿಂಗ್‌ಗಳು. ಅಲೆ ಹಿಂದೆ ಹೋದರೆ ಅದರ ಬೆನ್ನಟ್ಟಿ ಓಡುವುದು, ಅಲೆ ಬಂದರೆ ಅದಕ್ಕಿಂತ ಮುಂದೆ ಓಡುವುದು. ಬೇರೆ ಸ್ಯಾಂಡ್‌ಪೈಪರ್‌ಗಳಿಗಿರುವ ಹಿಂಬೆರಳು ಇವಕ್ಕೆ ಇಲ್ಲ, ಓಡಲೆಂದೇ ಮಾಡಿದ ಕಾಲು. ಇವಂತೂ ನಿಜವಾಗಿ ಉತ್ತರ ಧ್ರುವದ ಕಡೆಯವು. ಅವುಗಳ ಹಿಂದೆ ಒಣ ಮರಳಿನಲ್ಲಿ ಐದು ಕರ್ಲೂ ಸ್ಯಾಂಡ್‌ಪೈಪರ್. ಎದೆಗೆ ತಿಳಿ ಕೆನೆ ಬಣ್ಣ, ಬೆನ್ನಿನ ಗರಿಗಳಿಗೆ ಮೀನಿನ ಹುರುಪೆ ಥರ ಬಿಳಿ ಅಂಚು. ಅಂದರೆ ಈ ವರ್ಷ ಹುಟ್ಟಿದ ಮರಿಗಳು.

ಇವುಗಳ ಕಥೆ ಹೇಳದೆ ಇರಲಾಗಲಿಲ್ಲ. ಸೈಬೀರಿಯಾದ ಉತ್ತರ ತುದಿಯಲ್ಲಿ ಇವು ಹುಟ್ಟುವುದು ಜೂನ್ ಜುಲೈಯಲ್ಲಿ. ಜೋಡಿಯಾದ ಮೇಲೆ ಗಂಡು ಜುಲೈ ಮೊದಲಲ್ಲೇ ದಕ್ಷಿಣಕ್ಕೆ ಹೊರಟುಬಿಡುತ್ತದೆ. ಕಾವು ಕೊಡುವುದು, ಮರಿ ನೋಡುವುದು ಎಲ್ಲಾ ಹೆಣ್ಣೇ. ಮರಿಗಳು ಹಾರಲು ಕಲಿಯುವ ಹೊತ್ತಿಗೆ ಅದೂ ಹೊರಡುತ್ತದೆ. ಮರಿಗಳು ಕೊನೆಗೆ. ದಾರಿ ತೋರಿಸುವ ಹಿರಿಯರಿಲ್ಲ, ಹಿಂದೆ ಹೋಗಿ ಬಂದ ಅನುಭವ ಇಲ್ಲ. ಹುಟ್ಟಿ ಮೂರು ನಾಲ್ಕು ತಿಂಗಳ ಹಕ್ಕಿ, ನೋಡದ ಊರಿನ ನೋಡದ ಕೆಸರಿಗೆ ಬಂದು ಇಳಿಯುತ್ತದೆ.

"ಅಂದ್ರ ಗಂಡಸು ಮದ್ಲ ಓಡಿ ಬಂದು ಆರಾಮ ಕುಂತಿರ್ತದ" ಅಂದ ಗೆಳೆಯ.

"ಹೌದು."

"ಇದನ್ನ ನಮ್ಮ ಮನಿಯಾಕಿ ಮುಂದ ಹೇಳಬ್ಯಾಡ್ರಿ. ಮದ್ಲ ನಾ ಒಬ್ಬನ ಉಡುಪಿಗೆ ಬಂದೇನಿ."

ಹನ್ನೊಂದರ ಹೊತ್ತಿಗೆ ಹೊಳೆಯ ಕೆಸರೆಲ್ಲ ಮುಳುಗಿ, ಅಲ್ಲಿದ್ದ ಹಕ್ಕಿಗಳು ತಂಡ ತಂಡವಾಗಿ ಹಾರಿಬಂದು ಈ ತುದಿಯ ಒಣ ಮರಳಿನ ಮೇಲೆ ಇಳಿಯತೊಡಗಿದವು. ಎಣಿಸುವ ಹೊತ್ತು. ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ನೋಡಿಕೊಂಡು, ಆ ಅಳತೆಯನ್ನು ಗುಂಪಿನ ಮೇಲೆ ಸರಿಸುತ್ತಾ ಹೋಗಬೇಕು. ನೋಟಿನ ಕಟ್ಟು ಎಣಿಸಿದ ಕೈಗಳಿಗೆ ಅಭ್ಯಾಸ ಬೇಗ ಹತ್ತುತ್ತದೆ. ನಾನು 430 ಸ್ಯಾಂಡ್ ಪ್ಲೋವರ್ ಅಂದೆ, ಅವನು 410 ಅಂದ. ಬ್ಯಾಂಕಿನಲ್ಲಾಗಿದ್ದರೆ ಇಬ್ಬರೂ ರಾತ್ರಿ ಎಂಟರ ತನಕ ಕೂರಬೇಕಿತ್ತು. ಇಲ್ಲಿ 420 ಅಂತ ಬರೆದುಕೊಂಡೆವು. ಅವುಗಳ ನಡುವೆ ಪೆಸಿಫಿಕ್ ಗೋಲ್ಡನ್ ಪ್ಲೋವರ್ ಹನ್ನೊಂದು, ಗ್ರೇ ಪ್ಲೋವರ್ ನಾಲ್ಕು, ಟರ್ನ್‌ಸ್ಟೋನ್ ಎರಡು. ಸ್ವಲ್ಪ ಆಚೆಗೆ ಹ್ಯೂಗ್ಲಿನ್ಸ್ ಗಲ್‌ಗಳ ಸಾಲು, ಪಕ್ಕದಲ್ಲಿ ತಲೆಗೂದಲು ಕೆದರಿದ ಕ್ರೆಸ್ಟೆಡ್ ಟರ್ನ್‌ಗಳು. ಎಲ್ಲವೂ ಗಾಳಿಗೆ ಮುಖ ಮಾಡಿ ನಿಂತಿದ್ದವು. ಹೆಚ್ಚಿನವು ಒಂದೇ ಕಾಲಲ್ಲಿ.

ಆಗ ಇಡೀ ಗುಂಪು ಒಮ್ಮೆಲೇ ಎದ್ದಿತು. ಶಬ್ದ ಮೊದಲು ಬಂತು, ಒದ್ದೆ ಬಟ್ಟೆ ಕೊಡವಿದ ಹಾಗೆ. ಮೇಲೆ ನೋಡಿದರೆ ಬೈರಿ, ಪೆರಿಗ್ರಿನ್ ಫಾಲ್ಕನ್. ಮಡಿಸಿದ ರೆಕ್ಕೆಯಲ್ಲಿ ಕೆಳಗೆ ಬಂತು. ನಾನೂರು ಹಕ್ಕಿಗಳು ಒಂದೇ ಮೈಯಂತೆ ತಿರುಗಿದವು. ಒಮ್ಮೆ ಎಲ್ಲಾ ಬಿಳಿ, ಒಮ್ಮೆ ಎಲ್ಲಾ ಕಂದು, ಮತ್ತೆ ಬಿಳಿ. ಬೈರಿಯ ಗುರಿ ತಪ್ಪಿತೋ ಅವು ತಪ್ಪಿಸಿಕೊಂಡವೋ, ಅಂತೂ ಬೈರಿ ಬೇಟೆಯಿಲ್ಲದೆ ಬರಿಗಾಲಲ್ಲಿ ಹಂಗಾರಕಟ್ಟೆಯ ಕಡೆಗೆ ಹೋಯಿತು. ಒಂದು ನಿಮಿಷ ಅಷ್ಟೇ. ಗುಂಪು ಮತ್ತೆ ಅದೇ ಜಾಗಕ್ಕೆ ಇಳಿದು ಗರಿ ಸರಿಮಾಡಿಕೊಂಡಿತು. ಗೆಳೆಯ ಬಾಯಿ ಮುಚ್ಚಿರಲಿಲ್ಲ.

ಹತ್ತು ನಿಮಿಷ ಕಳೆದಿರಬೇಕು. ಜೇನುನೊಣದಂಥ ಗುಂಯ್ ಶಬ್ದ. ಪ್ರವಾಸಕ್ಕೆ ಬಂದ ನಾಲ್ವರು ಹುಡುಗರು ದೂರದಲ್ಲಿ ನಿಂತು ಡ್ರೋನ್ ಹಾರಿಸಿದ್ದರು. ಅಳಿವೆಯ ನೋಟ ಮೇಲಿಂದ ಚೆಂದ ಬರುತ್ತದೆ, ಅದು ಸರಿ. ಅದು ಹಕ್ಕಿಗಳ ಮೇಲೆ ಬಂದು ನಿಂತಿತು. ಗುಂಪು ಎದ್ದಿತು. ವಿಡಿಯೊ ಚೆನ್ನಾಗಿ ಬಂದಿರಬೇಕು, ಮತ್ತೊಮ್ಮೆ ಬಂತು. ಮತ್ತೊಮ್ಮೆ. ನಾಲ್ಕು ಸಲ. ಬೈರಿ ಒಂದು ಸಲ ಪ್ರಯತ್ನ ಮಾಡಿ ಹೋಗುತ್ತದೆ, ಇದಕ್ಕೆ ದಣಿವೇ ಇಲ್ಲ. ಉಬ್ಬರದ ಹೊತ್ತಿಗೆ ಊಟ ಇಲ್ಲ. ಬೆಳಿಗ್ಗೆ ತಿಂದದ್ದನ್ನು ಉಳಿಸಿಕೊಳ್ಳಬೇಕು ಅಷ್ಟೇ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಮೈಯ ಕೊಬ್ಬು ಕರಗಿಸಿಕೊಂಡ ಹಕ್ಕಿಗೆ ಪ್ರತಿ ಸಲ ಏಳುವುದೂ ಖರ್ಚು. ನಾಲ್ಕನೇ ಸಲ ಅರ್ಧ ಗುಂಪು ಇಳಿಯಲೇ ಇಲ್ಲ, ದಕ್ಷಿಣಕ್ಕೆ ಹೂಡೆಯ ಕಡೆ ಹೋಯಿತು.

ನಾನು ಎದ್ದು ಹೋಗಿ ಹೇಳಿದೆ. ಸಿಟ್ಟಿನಿಂದ ಹೋದದ್ದು, ಆದರೆ ಹುಡುಗರು ಒಳ್ಳೆಯವರು. "ಅಂಕಲ್, ಅಲ್ಲಿ ಹಕ್ಕಿ ಇತ್ತಾ? ನಾವು ಮರಳು ಅಂದ್ಕೊಂಡ್ವಿ, ಎದ್ದ ಮೇಲೇ ಗೊತ್ತಾಗಿದ್ದು" ಅಂದರು. ಸುಳ್ಳಲ್ಲ, ಕಾಣದಿರಲೆಂದೇ ಆ ಬಣ್ಣ. ಆದರೆ ಎರಡನೇ, ಮೂರನೇ ಸಲ? ಅದನ್ನು ಕೇಳಲಿಲ್ಲ. ಡ್ರೋನ್ ಇಳಿಸಿದರು, ಟೆಲಿಸ್ಕೋಪಿನಲ್ಲಿ ನೋಡಿದರು, ಸೆಲ್ಫಿ ತೆಗೆದುಕೊಂಡು ಮ್ಯಾಚಿಗೆ ಹೊತ್ತಾಯಿತು ಅಂತ ಹೋದರು. ಅಂಕಲ್ ಅಂದದ್ದು ಮಾತ್ರ ಸ್ವಲ್ಪ ನಾಟಿತು.

ವಾಪಸ್ ಬರುವಾಗ ಗಾಳಿಮರಗಳ ನೆರಳಲ್ಲಿ ನಿಂತೆವು. ಕರೆಂಟು ತಂತಿಯ ಮೇಲೆ ಕವಲುತೋಕೆಗಳು ಸಾಲಾಗಿ ಕೂತಿದ್ದವು, ನಡುವೆ ಏಳೆಂಟು ನೀಲಿಬಾಲದ ಕಳ್ಳಿಪೀರ. ಅವುಗಳ ಸುತ್ತ ತುಂಬ ಏರೋಪ್ಲೇನ್ ಚಿಟ್ಟೆ, ಅಂದರೆ ಡ್ರಾಗನ್‌ಫ್ಲೈ. ಈ ಹಳದಿ ಮೈಯ ಚಿಟ್ಟೆಗಳಲ್ಲೂ ಒಂದು ಜಾತಿ ಅಕ್ಟೋಬರ್-ನವೆಂಬರಿನಲ್ಲಿ ಇಂಡಿಯಾದಿಂದ ಮಾಲ್ಡೀವ್ಸ್ ಮೇಲೆ ಹಾದು ಆಫ್ರಿಕಾದ ಕಡೆಗೆ ಹೋಗುತ್ತದೆ ಅಂತ 2009ರಲ್ಲಿ ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ ಬರೆದರು. ಅದೇ ಹೊತ್ತಿಗೆ ಈಶಾನ್ಯ ಭಾರತದಿಂದ ಹೊರಟ ಅಮುರ್ ಫಾಲ್ಕನ್‌ಗಳೂ ಅರಬ್ಬೀ ಕಡಲು ದಾಟುತ್ತವೆ. ದಾರಿಖರ್ಚಿಗೆ ಇದೇ ಚಿಟ್ಟೆ ಇರಬಹುದು ಅನ್ನುವುದು ಅವರ ಊಹೆ. ಎಂಟು ವರ್ಷದಲ್ಲಿ ಬೆಂಗ್ರೆಯ ಮೇಲೆ ಒಂದೇ ಒಂದು ಅಮುರ್ ಫಾಲ್ಕನ್ ನನಗೆ ಕಂಡಿಲ್ಲ. ಪ್ರತಿ ನವೆಂಬರಿನಲ್ಲೂ ಕತ್ತು ನೋಯುವ ತನಕ ಮೇಲೆ ನೋಡುತ್ತೇನೆ.

ಮನೆ ಸೇರಿದಾಗ ಒಂದು ದಾಟಿ ಇಪ್ಪತ್ತು ನಿಮಿಷ. ಬೈಗುಳಕ್ಕೆ ತಯಾರಾಗಿಯೇ ಒಳಗೆ ಹೋದೆ. ಆದರೆ ಅಮ್ಮ ಹಿಂದಿನ ಅಂಗಳದಲ್ಲಿ ನಿಂತು ಕಾಂಪೌಂಡ್ ಗೋಡೆಯನ್ನೇ ನೋಡುತ್ತಿದ್ದರು. ಬಾಳೆ ಎಲೆಯ ತುದಿಯಲ್ಲಿ ಅನ್ನ, ಪಾಯಸ, ವಡೆ ಇಟ್ಟು ಅರ್ಧ ಗಂಟೆಯಾಗಿತ್ತು. ಕಾಗೆಯ ಸುಳಿವಿಲ್ಲ. ಇಡೀ ಉಡುಪಿಯೇ ಎಡೆ ಇಟ್ಟ ದಿನ ಕಾಗೆಗಳಿಗೂ ಎಷ್ಟು ಮನೆ ಅಂತ ಆಗುತ್ತದೆ! ಅದು ಮುಟ್ಟುವ ತನಕ ನಮಗೂ ಊಟ ಇಲ್ಲ. ಗೆಳೆಯ ಗೋಡೆಯ ಗಡಿಯಾರ ನೋಡಿದ. ಒಂದೂವರೆ.

"ನೀವಿಬ್ಬರೂ ಬೆಳಿಗ್ಗಿಂದ ಹಕ್ಕಿ ಕಾಯ್ದು ಅಭ್ಯಾಸ ಇದ್ದವರಲ್ವಾ, ಇಲ್ಲಿ ನಿಂತ್ಕೊಳ್ಳಿ" ಅಂತ ಅಮ್ಮ ಒಳಗೆ ಹೋದರು.

ನಿಂತೆವು. ಹತ್ತು ನಿಮಿಷಕ್ಕೆ ಪಕ್ಕದ ಮನೆಯ ಹಲಸಿನ ಮರದಿಂದ ಒಂದು ಇಳಿದು ಗೋಡೆಯ ಮೇಲೆ ಕೂತಿತು. ಪೂರ್ತಿ ಕಪ್ಪು, ದಪ್ಪ ಕೊಕ್ಕು. ಗೆಳೆಯ ಕೊರಳಲ್ಲಿದ್ದ ಬೈನಾಕ್ಯುಲರ್ ಎತ್ತಿ ನೋಡಿ, ಒಳಗೆ ಕೇಳಿಸುವ ಹಾಗೆ ಗಂಭೀರವಾಗಿ ಹೇಳಿದ, "ಅಮ್ಮಾ, ಬಂದದ. ಆದ್ರ ಇದು ಊರ ಕಾಗಿ ಅಲ್ರಿ, ಕುತ್ತಿಗಿ ಬೂದಿ ಬಣ್ಣ ಇಲ್ಲ. ಇದು ಕಾಡು ಕಾಗಿ. ನಡೀತದೇನ್ರಿ?"

"ಯಾವುದಾದ್ರೂ ಆಗ್ಲಿ ಮಾರಾಯ, ಓಡಿಸ್ಬೇಡ" ಅಂದರು ಅಮ್ಮ ಒಳಗಿನಿಂದ. "ಎಲೆ ಹಾಕ್ತೇನೆ, ಕೈಕಾಲು ತೊಳ್ಕೊಂಡು ಬನ್ನಿ. ಚಪ್ಪಲಿ ಎಲ್ಲಿ ನಿಂದು?"